ಚಲುವಯ್ಯನ ನಲ್ಲಿ

"ಒಳಕ್ಕೆ ಬರಬೌದಾ?"

ಕೇರಿಯ ಬಾಯಲ್ಲಿ ನಿಂತು ಗುರುಮಲ್ಲಪ್ಪ ಹಾಗೆ ಕೇಳಿದಾಗ, ನಲ್ಲಿಯ ಮುಂದೆ ಹಿತ್ತಾಳೆ ಬಿಂದಿಗೆ ಬೆಳಗುತ್ತಿದ್ದ ಪಾಪಮ್ಮ ತನ್ನ ಕಿವಿಯನ್ನೇ ನಂಬಲಿಲ್ಲ. ಆ ಮನುಷ್ಯ ಹುಟ್ಟಿ ಬೆಳೆದದ್ದು ಇದೇ ಕೆಂಪನಹುಂಡಿಯಲ್ಲಿ, ಕೂಗಿದರೆ ಕೇಳಿಸುವಷ್ಟು ಹತ್ತಿರದ ಮೇಲಿನ ಬೀದಿಯಲ್ಲಿ. ಆದರೂ ಒಂದು ದಿನ ಈ ಕೇರಿಗೆ ಕಾಲಿಟ್ಟವನಲ್ಲ. ಹಣೆ ತುಂಬ ವಿಭೂತಿ, ಇಸ್ತ್ರಿ ಮುರಿಯದ ಬಿಳಿ ಪಂಚೆ, ಬೆನ್ನ ಹಿಂದೆ ಮಗ ಅಮೃತೇಶ, ಅವನ ಹಿಂದೆ ಮೇಲಿನ ಬೀದಿಯ ಹತ್ತಾರು ಗಂಡಸರು. ಇದೇನು ಸೋಜಿಗವಪ್ಪ ಎಂದು ಹೆಂಗಸರೆಲ್ಲ ಬಾಗಿಲಿಗೆ ಬಂದರು.

ಜಗುಲಿಯ ಮೇಲೆ ಬಲಗಾಲು ನೀಡಿಕೊಂಡು ಕೂತಿದ್ದ ಅವಳ ಗಂಡ ಚಲುವಯ್ಯ ಏಳಲು ಹೆಣಗಾಡಿದ.

"ಕೂತ್ಕ ಸುಮ್ಕೆ," ಎಂದು ಪಾಪಮ್ಮ ಗದರಿದಳು. ಆ ಕಾಲು ಮಡಚಲು ಬಾರದಂತೆ ಮಾಡಿದವನೇ ಎದುರಿಗೆ ನಿಂತಿರುವಾಗ ಏಳುವುದಂತೆ, ಏಳುವುದು!

ಆ ಏಟು ಬಿದ್ದಾಗ ಚಲುವಯ್ಯನಿಗಿನ್ನೂ ಹರೆಯ. ಕೇರಿಯ ಬಾವಿ ಬತ್ತಿತ್ತು, ಮನೆಯಲ್ಲಿ ಪಾಪಮ್ಮ ಹಸಿ ಬಾಣಂತಿ. ಆದದ್ದಾಗಲಿ ಎಂದು ಮೇಲಿನ ಬೀದಿಯ ಬಾವಿಗೆ ಬಿಂದಿಗೆ ಇಳಿಬಿಟ್ಟಿದ್ದ. ಗುರುಮಲ್ಲಪ್ಪ ಗಾಡಿಯ ಗೂಟ ಕಿತ್ತುಕೊಂಡು ಬಂದು ಮಂಡಿಯ ಮೇಲೆ ಹೊಡೆದ. ಒಂದೇಟಿಗೆ ಬಿಡಲಿಲ್ಲ, ಚಿಪ್ಪು ಪುಡಿಯಾಗುವ ತನಕ ಹೊಡೆದ. ಪೊಲೀಸರು ಬಂದರು, ದೊಡ್ಡ ಸಾಹೇಬರ ಜೀಪೂ ಬಂತು. ಸಾಕ್ಷಿ ಹೇಳುವವರಿಲ್ಲದೆ ಕೇಸು ಬಿದ್ದುಹೋಯಿತು. ಕೇರಿಯ ಬಾಯಿ ಮುಚ್ಚಿಸಲು ಸರ್ಕಾರದವರು ಒಂದು ನಲ್ಲಿ ಹಾಕಿಸಿಕೊಟ್ಟರು. ಅದರಲ್ಲಿ ಕಪಿಲಾ ಹೊಳೆಯ ನೀರು ಬಂತು. ಅವತ್ತಿನಿಂದ ಅದಕ್ಕೆ ಚಲುವಯ್ಯನ ನಲ್ಲಿ ಎಂದೇ ಹೆಸರು.

"ನೋಡ್ರಪ್ಪ," ಎಂದು ಗುರುಮಲ್ಲಪ್ಪ ಗಂಟಲು ಸರಿಮಾಡಿಕೊಂಡ. "ನಮ್ಮ ಒಳೆ ನೀರ್ನ ಸರ್ಕಾರದೋರು ಮಾರ್ಬುಟ್ರು. ನೀರು ಬಿಡೋ ಕೆಲ್ಸದಲ್ಲಿ ಒರದೇಶದ ಕಂಪ್ನೀಗೆ ಅರ್ಧಕ್ಕಿಂತ ಮ್ಯಾಲೆ ಪಾಲು ಕೊಡಂಗಿಲ್ಲ ಅಂತ ಮೊದ್ಲು ಕರಾರಿತ್ತು. ಈಗ ಆ ಕರಾರ್ನೇ ಕಿತ್ತಾಕಿ ಮುಕ್ಕಾಲು ಪಾಲು ಕೊಟ್ಟವ್ರೆ. ಇನ್ ಅವ್ರು ಆಡಿದ್ದೇ ಆಟ. ಬೀದಿ ನಲ್ಲಿ ಎಲ್ಲ ಕಿತ್ತು, ಮನೇಗೆ ಮೀಟ್ರು ಆಕುಸ್ಕಂಡೋರ್ಗೆ ಮಾತ್ರ ನೀರಂತೆ. ಮೊದ್ಲು ನಿಮ್ದು ಕೀಳ್ತರೆ, ಕೇಳೋರಿಲ್ಲ ಅಂತ. ಆಮ್ಯಾಕೆ ನಮ್ದು. ಇವತ್ತೇ ಬತ್ತಾವ್ರೆ. ಊರಿನ ಪಾಲು ಊರಿಗೇ ಇರ್ಬೇಕು. ನಾವೆಲ್ಲ ಒಂದಾಗಿ ನಿಲ್ಬೇಕು."

ಪಾಪಮ್ಮನ ಮೈ ಉರಿದುಹೋಯಿತು. "ಊರಿನ ಪಾಲು ಅಂತೀರಲ್ಲ ಬುದ್ಧಿ, ಅದ್ರಲ್ಲಿ ನಮ್ದು ಏಸು?"

ಗುರುಮಲ್ಲಪ್ಪ ಮಗನ ಕಡೆ ತಿರುಗಿದ. ಅಮೃತೇಶ ಮುಂದೆ ಬಂದ. "ಹಳೇದೆಲ್ಲ ಕೆದಕೋ ಟೈಮಾ ಇದು, ಪಾಪಮ್ಮ?"

"ಕೆದಕಾಕೇನದೆ? ಮಂಡಿ ಅಲ್ಲೇ ಜಗ್ಲಿ ಮ್ಯಾಲದೆ, ನೋಡ್ಕಳಿ."

ಅಷ್ಟರಲ್ಲಿ ನರಸೀಪುರದ ರಸ್ತೆಯಿಂದ ಕಂಪನಿಯ ಜೀಪು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ನೀಲಿ ಅಂಗಿಯ ನಾಲ್ಕು ಜನ ಕಾವಲಿನವರು ಲಾಠಿ ಹಿಡಿದು ಇಳಿದರು. ಅವರ ಹಿಂದೆ ಗರಗಸ, ನಟ್ಟು ಬಿಚ್ಚುವ ದೊಡ್ಡ ಕಬ್ಬಿಣದ ಪಾನಾ ಹಿಡಿದ ಒಬ್ಬ ಮೇಸ್ತ್ರಿ. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಪಾಪಮ್ಮನ ಬಿಂದಿಗೆಯನ್ನು ಕಾಲಿನಿಂದ ಒದ್ದು ಉರುಳಿಸಿ, ಮೇಸ್ತ್ರಿ ನಲ್ಲಿಯ ಬುಡಕ್ಕೆ ಗರಗಸ ಹಚ್ಚಿಯೇಬಿಟ್ಟ.

ಚಲುವಯ್ಯ ಜಗುಲಿಯಿಂದ ಕೆಳಕ್ಕೆ ಬಿದ್ದ. ಬಿದ್ದವನು ಕುಂಡಿಯ ಮೇಲೇ ತೆವಳಿಕೊಂಡು ಹೋಗಿ ಎರಡು ಕೈಯಲ್ಲೂ ಕೊಳಾಯಿಯನ್ನು ತಬ್ಬಿಕೊಂಡ.

"ಕಾಲು ಕೊಟ್ಟು ತಂದಿರೋದು ಕಣ್ರಲಾ ಇದು! ಮೊದ್ಲು ನನ್ನ ಕುಯ್ದಾಕಿ!"

ಒಬ್ಬ ಕಾವಲಿನವನು ಅವನ ಕೂದಲು ಹಿಡಿದು ಎಳೆದ. ಮತ್ತೊಬ್ಬ ನೋಡಿ ನೋಡಿ ಆ ಕುಂಟುಕಾಲಿನ ಮೇಲೇ ಲಾಠಿ ಬೀಸಿದ. ಚಲುವಯ್ಯ ಕಿರುಚಿದ ಕಿರುಚಿಗೆ ಪಾಪಮ್ಮನಿಗೆ ಕಣ್ಣು ಕತ್ತಲಿಟ್ಟಿತು. ಉರುಳಿದ್ದ ಬಿಂದಿಗೆ ಎತ್ತಿ, ಕೂದಲು ಹಿಡಿದವನ ಮುಖಕ್ಕೆ ಅಪ್ಪಳಿಸಿದಳು. ಹಲ್ಲು ಮುರಿದದ್ದು ಅವಳ ಕೈಗೇ ಗೊತ್ತಾಯಿತು. ಮತ್ತೆ ಎತ್ತಿ ಅಪ್ಪಳಿಸಿದಳು. ಯಾರದೋ ಬೂಟುಗಾಲು ಹೊಟ್ಟೆಗೆ ಬಿದ್ದು, ಚರಂಡಿಯ ಪಕ್ಕಕ್ಕೆ ಹೋಗಿ ಬಿದ್ದಳು.

ಬಿದ್ದಲ್ಲಿಂದಲೇ ಕಂಡದ್ದು ಇದು. ಬಾಯಿ ತುಂಬ ರಕ್ತವಾದ ಕಾವಲಿನವನು ಮೇಸ್ತ್ರಿಯ ಕೈಯಿಂದ ಪಾನಾ ಕಿತ್ತುಕೊಂಡು ಚಲುವಯ್ಯನ ತಲೆಯ ಮೇಲಕ್ಕೆ ಎತ್ತಿದ. ಚಲುವಯ್ಯ ಕಣ್ಣು ಮುಚ್ಚಿದ, ಕೊಳಾಯಿ ಬಿಡಲಿಲ್ಲ. "ಲೇ, ಮುಟ್ಟುದ್ರೆ ಸಿಗ್ದಾಕ್ಬುಟ್ಟೇನು!" ಎಂದು ಕೂಗುತ್ತ ಗುರುಮಲ್ಲಪ್ಪ ನುಗ್ಗಿದ. ಆ ವಯಸ್ಸಿನಲ್ಲಿ ಅಷ್ಟು ಬಿರುಸು ಎಲ್ಲಿತ್ತೋ. ಎಡಗೈಯಲ್ಲಿ ಚಲುವಯ್ಯನನ್ನು ಹಿಂದಕ್ಕೆ ತಳ್ಳಿ ಅಡ್ಡ ಬಂದ. ಪಾನಾ ಅವನ ನೆತ್ತಿಯ ಮೇಲೆ ಬಿತ್ತು.

ಆಮೇಲೆ ಯಾರು ಯಾರಿಗೆ ಹೊಡೆದರೋ ದೇವರಿಗೇ ಗೊತ್ತು. ಕೇರಿಯವರೂ ಮೇಲಿನ ಬೀದಿಯವರೂ ಒಂದಾಗಿ ಕಲ್ಲು ಎತ್ತಿದರು. ಜೀಪಿನ ಗಾಜು ಚೂರುಚೂರಾಯಿತು. ಮೂವರು ಕಾವಲಿನವರು ಹಲ್ಲು ಮುರಿದವನನ್ನು ಎಳೆದು ಹತ್ತಿಸಿಕೊಂಡು ಹಿಂದಿರುಗಿ ನೋಡದೆ ಹೋದರು. ಸಿಕ್ಕಿಬಿದ್ದ ಮೇಸ್ತ್ರಿಯನ್ನು ಜನ ಕೆಡವಿಕೊಂಡು ತುಳಿದರು. "ಕೂಲಿಯೋನು ಕಣ್ರಪ್ಪೋ, ಬುಟ್ಬುಡಿ," ಎಂದು ಅವನು ಗೋಗರೆದರೂ ತುಳಿದರು. ಪಾಪಮ್ಮನೂ ಎದ್ದು ಹೋಗಿ ಒಂದು ಒದ್ದಳು. ಅವಳಿಗೆ ಕನಿಕರ ಹುಟ್ಟಲಿಲ್ಲ. ಅವನು ಹೇಗೋ ಬಿಡಿಸಿಕೊಂಡು ಕುಂಟುತ್ತ ಗದ್ದೆಯ ಕಡೆ ಓಡಿದ.

ಗುರುಮಲ್ಲಪ್ಪ ನಲ್ಲಿಯ ಬುಡದಲ್ಲಿ ಅಂಗಾತ ಬಿದ್ದಿದ್ದ. ವಿಭೂತಿಯ ಮೇಲೆ ರಕ್ತ ಇಳಿದು ಕಣ್ಣಿಗೆ ತುಂಬಿತ್ತು. ಅಮೃತೇಶ ತಲೆಗೆ ಟವಲು ಒತ್ತಿ ಹಿಡಿದು, ಕಾರು ತರಿಸಿ ಎಂದು ಬಡಬಡಿಸುತ್ತಿದ್ದ.

"ನೀರು..." ಎಂದ ಗುರುಮಲ್ಲಪ್ಪ.

ಪಾಪಮ್ಮ ಹತ್ತಿರ ಬಂದಳು. ಏನೇ ಆಗಲಿ, ತನ್ನ ಗಂಡನ ತಲೆ ಒಡೆಯಬೇಕಾಗಿದ್ದ ಏಟು ತಿಂದವನು. ಅವತ್ತಿನ ಗೂಟ, ಅವತ್ತಿನ ಬಾವಿ, ಎಲ್ಲ ಆ ಗಳಿಗೆ ಅವಳಿಗೆ ಮರೆತೇಹೋಯಿತು. ಒಳಗಿನಿಂದ ಚೊಂಬು ತಂದು, ತೊಳೆದು, ಮತ್ತೊಮ್ಮೆ ತೊಳೆದು, ತುಂಬಿಸಿಕೊಂಡು ಅವನ ತಲೆಯ ಹತ್ತಿರ ಕೂತಳು.

"ಕುಡೀರಿ ಬುದ್ಧಿ. ಕುಡ್ಕಳಿ."

ಗುರುಮಲ್ಲಪ್ಪ ಕಣ್ಣು ಬಿಟ್ಟ. ಚೊಂಬು ನೋಡಿದ. ಹಿಡಿದ ಕೈ ನೋಡಿದ. ತುಟಿ ಮುಚ್ಚಿಕೊಂಡ.

ಗೊತ್ತಾಗಲಿಲ್ಲವೇನೋ ಎಂದು ಅವಳು ಚೊಂಬನ್ನು ಬಾಯಿಗೇ ಹಿಡಿದಳು. ಅವನು ಹಲ್ಲು ಕಚ್ಚಿ ಮುಖ ಅತ್ತ ತಿರುಗಿಸಿದ. ನೀರು ಗಲ್ಲದ ಮೇಲೆ ಹರಿದು ರಕ್ತದ ಜೊತೆ ಮಣ್ಣಿಗೆ ಹೋಯಿತು.

"ತಡಿ ಪಾಪಮ್ಮ, ಬ್ಯಾಡ ಬ್ಯಾಡ," ಎಂದು ಅಮೃತೇಶ ಅವಳ ಕೈ ತಾಗದ ಹಾಗೆ ಚೊಂಬನ್ನು ಟವಲಿನ ತುದಿಯಿಂದ ಪಕ್ಕಕ್ಕೆ ನೂಕಿದ. ಬೀದಿಯ ಕಡೆ ತಿರುಗಿ ಕೂಗಿದ. "ಲೇ ಯಾರಾದ್ರೂ ಅಂಗ್ಡಿಯಿಂದ ಒಂದು ಬಾಟ್ಲು ನೀರು ತಗಂಬನ್ರೋ!"

ಪಾಪಮ್ಮನಿಗೆ ಹೊಟ್ಟೆಗೆ ಬಿದ್ದ ಬೂಟಿನ ನೋವು ಆಗ ಗೊತ್ತಾಯಿತು. ಚೊಂಬನ್ನು ಎತ್ತಿ, ಅತ್ತ ತಿರುಗಿಸಿದ ಆ ಮುದುಕನ ಮುಖದ ಮೇಲೆ ಕುಕ್ಕಿಬಿಡೋಣ ಅನ್ನಿಸಿತು. ಬಿಂದಿಗೆಗೆ ಮುರಿದ ಹಲ್ಲುಗಳಿಗಿಂತ ಇವು ಗಟ್ಟಿಯೇನಲ್ಲ. ಅವಳ ಕೈ ಎದ್ದಿತ್ತು ಕೂಡ.

"ಇಲ್ ಕೊಡು," ಎಂದ ಚಲುವಯ್ಯ. ಅವನಿನ್ನೂ ಕೊಳಾಯಿ ಬಿಟ್ಟಿರಲಿಲ್ಲ. ಒಂದು ಕೈ ನೀಡಿ ಚೊಂಬು ಇಸಿದುಕೊಂಡು, ಗುರುಮಲ್ಲಪ್ಪನನ್ನು ನೋಡುತ್ತಲೇ ಗಟಗಟ ಅರ್ಧ ಕುಡಿದ. ಉಳಿದದ್ದನ್ನು ಹೆಂಡತಿಗೆ ಕೊಟ್ಟ. ಅವಳು ನಿಂತುಕೊಂಡೇ ಕುಡಿದಳು.

ನಗ್ಗಿದ ಬಿಂದಿಗೆಯನ್ನು ತೊಳೆದು ಪಾಪಮ್ಮ ನಲ್ಲಿಯ ಕೆಳಗಿಟ್ಟಳು. ಅಂಗಡಿಗೆ ಹೋದವರು ಇನ್ನೂ ಬಂದಿರಲಿಲ್ಲ. ಗರಗಸ ಅರ್ಧ ಕೊಯ್ದಿದ್ದ ಕಡೆಯಿಂದ ನೀರು ಸಣ್ಣಗೆ ಚಿಮ್ಮಿ, ಗುರುಮಲ್ಲಪ್ಪನ ಪಂಚೆ, ಅಂಗಿ, ಕುತ್ತಿಗೆಯನ್ನೆಲ್ಲ ತೋಯಿಸುತ್ತಿತ್ತು.