ಚನಬಸಪ್ಪ ಕೊಟ್ಟ ಮಣ್ಣು

ತೇರಗಾಂವದ ಶಿವಗಂಗವ್ವ ಈ ವರ್ಷ ಗಂಡನ ಮನವೊಲಿಸಿ ಕಬ್ಬಿನ ಹೊಲಕ್ಕೆ ಸೋಯಾಬೀನ್ ಬಿತ್ತಿದ್ದಳು. ಬೆಳೆ ಬರದಿದ್ದರೆ ಮತ್ತೆ ಕಬ್ಬೇ, ಆಮೇಲೆ ನಿನ್ನ ಮಾತು ಕೇಳುವುದಿಲ್ಲ ಎಂದು ಬಸಲಿಂಗಯ್ಯ ಮೊದಲೇ ಹೇಳಿದ್ದ.

ಹಿಂದೆಂದೂ ಸೋಯಾ ಬೆಳೆಯದ ಹೊಲವಾದರೆ, ಅದು ಚೆನ್ನಾಗಿ ಬೆಳೆದ ಹೊಲದ ಮಣ್ಣನ್ನು ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಹಚ್ಚುವುದು ಅವರಲ್ಲಿ ರೂಢಿ. ಆ ಮಣ್ಣಿನ ಜೀವಾಣುಗಳು ಬೇರಿನಲ್ಲಿ ಗಂಟು ಕಟ್ಟಿ ಗಿಡಕ್ಕೆ ಗೊಬ್ಬರ ಉಣಿಸುತ್ತವೆ. ಮಣ್ಣೆಂದರೆ ಅವಳ ಅಣ್ಣ ಚನಬಸಪ್ಪನ ಹೊಲದ್ದೇ ಎಂಬ ಹೆಸರಿತ್ತು. ತಂಗಿಗೆ ಅವನೇ ಚೀಲ ಹೊತ್ತು ತಂದುಕೊಟ್ಟಿದ್ದ.

ಗಿಡಗಳು ಮೊಣಕಾಲೆತ್ತರಕ್ಕೆ ಬರುವ ಮೊದಲೇ ಹಳದಿಯಾದವು. ಮಣ್ಣು ಪರೀಕ್ಷೆಗೆ ಒಯ್ದಿದ್ದ ಕೃಷಿ ಇಲಾಖೆಯ ಸುಮಿತಾ ಮೇಡಂ ತಿರುಗಿ ಬಂದು ಹೇಳಿದಳು:

"ನಮಗ ಬಂದಂಗ ಈ ಜೀವಾಣುಗಳಿಗೂ ವೈರಸ್ ಬರ್ತೈತ್ರಿ ಅಕ್ಕಾರ. ಗಂಟು ಕಟ್ಟೂ ಮೊದಲ ಸಾಯಿಸಿ ಬಿಡ್ತೈತಿ. ಮಣ್ಣು ಯಾರದು?"

"ನಮ್ಮಣ್ಣ ಚನಬಸಪ್ಪಂದು."

ಸುಮಿತಾ ಹಿಂಜರಿಯುತ್ತ ಹೇಳಿದಳು. "ಯಾರಿಗೂ ಕೊಡಬ್ಯಾಡ್ರಿ ಅಂತ ಹೋದ ವರ್ಷನ ಅವರಿಗೆ ಹೇಳಿದ್ದೆನ್ರಿ."

ನಾಗರಪಂಚಮಿಗೆ ತವರಿಗೆ ಕರೆಯಲು ಚನಬಸಪ್ಪ ಬಂದ. "ಲಗೂ ಹೊಂಡವ್ವಾ. ನಿಮ್ಮ ವೈನಿ ಉಂಡಿ ಕಟ್ಟಿ ದಾರಿ ಕಾಯಾಕ ಹತ್ಯಾಳ."

ಶಿವಗಂಗವ್ವ ಕಿತ್ತ ಗಿಡವೊಂದನ್ನು ಅವನ ಮುಂದಿಟ್ಟಳು. ಬೇರಿನಲ್ಲಿ ಗಂಟೇ ಇರಲಿಲ್ಲ.

"ಮೇಡಮ್ಮಾರು ನಿನಗ ಹೇಳಿದ್ರಂತಲ್ಲ?"

"ಕಣ್ಣಿಗೆ ಕಾಣದ ರೋಗ. ಹೆಂಗ ನಂಬೂದು?"

"ನಂಬಲಿಲ್ಲಂದ್ರ ನಿನ್ನ ಹೊಲಕ್ಕ ಈ ಸಲ ಸೋಯಾ ಬಿಟ್ಟು ಗೋಂಜಾಳ ಯಾಕ ಹಾಕಿದಿ?"

ಒಳಗೆ ಬಸಲಿಂಗಯ್ಯ ಕೆಮ್ಮಿದ. ಚನಬಸಪ್ಪ ದನಿ ತಗ್ಗಿಸಿದ. "ತಂಗಿಗೇ ಕೊಡಲಿಲ್ಲಂದ್ರ ಮಂದಿಗೆ ಸಂಶೆ ಬರ್ತಿತ್ತವ್ವಾ. ಚನಬಸಪ್ಪನ ಮಣ್ಣು ಕೆಟ್ಟೈತಿ ಅಂತ ಊರೆಲ್ಲ ಆಡ್ಕೋತಿದ್ರು."

"ಅಂದ್ರ ಮಂದಿಗೆ ತೋರ್ಸಾಕ ನನ್ನ ಹೊಲ ಬೇಕಾತು."

"ಯೂರಿಯಾ ನಾನ ತರ್ತೇನಿ. ಹಸರಾಗ್ತೈತಿ."

"ಬ್ಯಾರೆ ಯಾರ‍್ಯಾರು ಒಯ್ದಾರ?"

ಅವನು ಗಾಡಿಯ ಕಡೆ ತಿರುಗಿದ.

"ನಡಿ, ಬರ್ತೇನಿ. ಆದ್ರ ಮೊದಲ ಮಣ್ಣು ಒಯ್ದವರ ಮನಿಮನಿಗೆ ಹೋಗೂಣು. ನೀನ ಹೇಳಬೇಕು. ನಾ ಬಾಜೂಕ ನಿಂದರ್ತೇನಿ."

"ಹಬ್ಬದಾಗ ಇದೆಲ್ಲಾ ಬ್ಯಾಡವ್ವಾ. ಸುಮ್ನ ಬಾ."

ಅವಳು ಕದಲಲಿಲ್ಲ. ಅವನು ಗಾಡಿ ಚಾಲೂ ಮಾಡಿ ಒಬ್ಬನೇ ಹೋದ.

ಬಸಲಿಂಗಯ್ಯ ಹೊರಗೆ ಬಂದ. ಹಂಗಿಸಲಿಲ್ಲ. ಹಳದಿ ಗಿಡವನ್ನು ಎತ್ತಿ ನೋಡಿ, ಮೆಲ್ಲಗೆ ಕೇಳಿದ:

"ಕಬ್ಬಿನ ಬೀಜಕ್ಕ ಹೇಳಿಡಲ್ಯಾ?"

"ಹೇಳ್ರಿ," ಎಂದಳು ಶಿವಗಂಗವ್ವ. ತವರಿಗೆಂದು ಕಟ್ಟಿಟ್ಟ ಚೀಲದಿಂದ ಸೀರೆಗಳನ್ನು ತೆಗೆದು ಮತ್ತೆ ಬಟ್ಟೆಯ ಗಳಕ್ಕೆ ಹಾಕಿದಳು.