ಸಡಿಲವಾದ ಬೆಲ್ಟು

ಬಡಗಿ ತನ್ನ ವಿಮಾನದೊಳಗೆ ಕೂತು ಕೈಕಾಲು ಸರಿಮಾಡಿಕೊಳ್ಳುವಾಗ ಹೆಂಡತಿಯ ಎದೆ ಡವಗುಟ್ಟುತ್ತಿತ್ತು. ಮನೆಯ ಹಿಂದಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ನಕ್ಷೆ ಬರೆದು, ಅಳಿಸಿ, ಮತ್ತೆ ಬರೆದು ಅವನೇ ಕಟ್ಟಿದ ಒಂಟಿ ಸೀಟಿನ ವಿಮಾನ ಅದು. ರೆಕ್ಕೆಗೆ ಬಟ್ಟೆ ಹೊದಿಸಿದವಳು, ಸೀಟಿನ ಬೆಲ್ಟನ್ನು ಅವನ ಮೈಯಳತೆಗೆ ಹೊಲಿದವಳು ಅವಳು. ಹೊಲಿಯುವಾಗ ಇಲ್ಲದ ಹೆದರಿಕೆ ಇವತ್ತು ಈ ಬಟಾಬಯಲಿನಲ್ಲಿ ಅವಳನ್ನು ಹಿಡಿದಿತ್ತು.

"ಯಾಕೆ ಮುಖ ಸಪ್ಪೆ ಮಾಡ್ಕೊಂಡಿದೀಯ? ನಾನೇನು ಚಂದ್ರಲೋಕಕ್ಕೆ ಹೊರಟಿದೀನಾ? ಒಂದು ಸುತ್ತು ಹಾಕಿ ಬರ್ತೀನಿ, ಅಷ್ಟೇ."

ಅವಳು ಬಾಗಿ ಬೆಲ್ಟು ಬಿಗಿದಳು. ಕೊನೆಯ ತನಕ ಎಳೆದರೂ ಹೊಟ್ಟೆಗೂ ಬೆಲ್ಟಿಗೂ ನಡುವೆ ಅಂಗೈ ತೂರುವಷ್ಟು ಜಾಗ ಉಳಿಯಿತು.

"ರೀ, ಇಳೀರಿ."

"ಮತ್ತೆ ಶುರು ಮಾಡಿದ್ಯಾ?"

"ಬೆಲ್ಟು ನೋಡಿ. ಎಷ್ಟು ಸೊರಗಿ ಹೋಗಿದೀರ! ನಕ್ಷೆಗೆ ಹಾಕಿದ ನಿಮ್ಮ ತೂಕ ಯಾವ ಕಾಲದ್ದು?"

ನಗುತ್ತಿದ್ದ ಅವನ ಮುಖ ಬಿಳಿಚಿಕೊಂಡಿತು. ಓಡಿಸುವವನ ಭಾರವೇ ವಿಮಾನದ ಮೂತಿಯನ್ನು ಕೆಳಗೆ ಹಿಡಿದಿಡಲಿ ಎಂದು ಸೀಟನ್ನು ಮುಂದಕ್ಕೆ ತಳ್ಳಿ ನಕ್ಷೆ ಬರೆದಿದ್ದ. ಆ ಭಾರ ತಗ್ಗಿದರೆ ಬಾಲ ಜಗ್ಗುತ್ತದೆ, ಮೂತಿ ಮೇಲೇಳುತ್ತಲೇ ಹೋಗುತ್ತದೆ, ಆಮೇಲೆ ಇಡೀ ವಿಮಾನ ಕಲ್ಲಿನಂತೆ ಕೆಳಗೆ. ಊಟದ ಹೊತ್ತಿನಲ್ಲಿ ಚಮಚ ಹಿಡಿದು ಅವಳಿಗೆ ಇದನ್ನು ತೋರಿಸಿಕೊಟ್ಟವನೂ ಅವನೇ.

ವಿಮಾನವನ್ನು ಶೆಡ್ಡಿಗೆ ಎಳೆದು ತಂದು ಚಕ್ರಗಳ ಕೆಳಗೆ ತೂಕದ ಯಂತ್ರಗಳನ್ನಿಟ್ಟರು. ಅವನು ಹತ್ತಿ ಕೂತ. ಬಾಲದ ಕಡೆಯ ಮುಳ್ಳು ಮಿತಿಯ ಗೆರೆ ದಾಟಿ ನಿಂತಿತು.

"ಎಂಜಿನ್ ಶುರು ಮಾಡೇಬಿಡ್ತಿದ್ದೆ ಕಣೇ," ಎಂದ.

ಮೂತಿಯೊಳಗೆ ಸೀಸದ ಗಟ್ಟಿಗಳನ್ನು ಬಿಗಿದು, ಮತ್ತೆ ಮತ್ತೆ ತೂಗಿ ನೋಡಿದ ಮೇಲೆ, ಗಾಳಿಯಿಲ್ಲದ ಒಂದು ಬೆಳಿಗ್ಗೆ ಅವನು ಹಾರಿದ. ಅವಳಿಗೆ ತಲೆಯೆತ್ತಿ ನೋಡುವ ಧೈರ್ಯ ಬರಲಿಲ್ಲ. ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಎಂಜಿನ್ನಿನ ಸದ್ದನ್ನೇ ಆಲಿಸಿದಳು. ಸದ್ದು ದೂರವಾದಾಗಲೆಲ್ಲ ಅವಳ ಉಸಿರು ನಿಲ್ಲುತ್ತಿತ್ತು. ಕೊನೆಗೆ ಚಕ್ರ ನೆಲಕ್ಕೆ ಬಡಿದು, ಒಮ್ಮೆ ಕುಪ್ಪಳಿಸಿ, ವಿಮಾನ ನಿಂತಿತು.

"ನೋಡಿದ್ಯಾ?" ಅಂತ ಕೂಗುತ್ತ ಓಡಿ ಬಂದ. ಅವಳು ಅವನನ್ನು ಬಾಚಿ ತಬ್ಬಿಕೊಂಡಳು. ಅಂಗಿಯ ಮೇಲಿಂದಲೇ ಪಕ್ಕೆಲುಬುಗಳು ಕೈಗೆ ಸಿಕ್ಕವು.

"ರೀ, ಈ ಮೈಯೆಲ್ಲ ಎಲ್ಲಿ ಹೋಯ್ತು?"

"ವಿಮಾನ ತಿಂದುಬಿಡ್ತು."

"ತಮಾಷೆ ಸಾಕು."

ಅವನು ಅವಳ ಭುಜದ ಮೇಲಿನಿಂದ ಮುಖ ಎತ್ತಲಿಲ್ಲ. "ಅನ್ನ ಸೇರ್ತಿಲ್ಲ ಕಣೇ, ಬಹಳ ದಿನದಿಂದ. ನಿನಗೆ ಹೇಳಿದ್ರೆ ಹಾರೋಕೆ ಬಿಡ್ತಿರ್ಲಿಲ್ಲ."

ಅವಳು ಬಯ್ಯಲಿಲ್ಲ. ಅವನ ಕೈ ಹಿಡಿದು, ವಿಮಾನವನ್ನು ಬಯಲಲ್ಲೇ ಬಿಟ್ಟು, ಆಸ್ಪತ್ರೆಯ ಕಡೆ ಹೊರಟಳು.