ಇಳಿಸಿದ ಶ್ರುತಿ

ಬ್ಯಾಂಡಿನಲ್ಲಿ ಎಲ್ಲರೂ ಅವನನ್ನು ತಮ್ಮ ಎಂದೇ ಕರೆಯುತ್ತಿದ್ದರು. ಅರವತ್ತಮೂರು ತುಂಬಿ, ಮಂಡಿಗೆ ಪಟ್ಟಿ ಸುತ್ತಿಕೊಂಡು ಕೀಬೋರ್ಡಿನ ಮುಂದೆ ಕೂರುವವನಿಗೆ ಆ ಹೆಸರು ಒಪ್ಪುವಂಥದ್ದಲ್ಲ. ಆದರೆ ಅಕ್ಕ ಹಾಡುವಷ್ಟು ದಿನ ಅವನು ತಮ್ಮನೇ. ಅಕ್ಕನಿಗೆ ಎಪ್ಪತ್ತೊಂದು. ಫಂಕ್, ಸೋಲ್ ಎಂಬ ಪಾಶ್ಚಾತ್ಯ ಶೈಲಿಗಳಲ್ಲಿ ಹಾಡುತ್ತಿದ್ದ ಅವಳ ಓರಗೆಯವರಲ್ಲಿ ಕೆಲವರು ಸತ್ತಿದ್ದರು, ಉಳಿದವರಿಗೆ ಮೇಲಿನ ಸ್ವರಗಳು ಸತ್ತಿದ್ದವು. ಅಕ್ಕ ಮಾತ್ರ ಪ್ರತಿ ಬೇಸಿಗೆಯೂ ಒಂದು ಸಂಗೀತ ಮೇಳದಿಂದ ಇನ್ನೊಂದಕ್ಕೆ ಹೋಗಿ, ತನಗೆ ಹೆಸರು ತಂದ ಮೊದಲ ಹಾಡಿನ ತುದಿಯ ಸ್ವರವನ್ನು ಮುಟ್ಟಿ ಬರುತ್ತಿದ್ದಳು.

ಮುಟ್ಟುತ್ತಿದ್ದೇನೆ ಎಂದು ನಂಬಿದ್ದಳು.

ಒಂಬತ್ತು ವರ್ಷದ ಹಿಂದೆ ಗಂಟಲಿನ ಡಾಕ್ಟರು ಅವಳ ಧ್ವನಿತಂತುಗಳ ಚಿತ್ರವನ್ನು ತಮ್ಮನಿಗೆ ತೋರಿಸಿದ್ದರು. ಬಿಳಿ ಅಂಚಿನಲ್ಲಿ ಕೂದಲೆಳೆಯಂಥ ಒಂದು ರಕ್ತನಾಳ ಉಬ್ಬಿತ್ತು. "ಮೇಲಿನ ಸ್ವರ ಬಿಡ್ಬೇಕು. ಇದು ಒಡೆದ್ರೆ ಹಾಡಲ್ಲ, ಮಾತೂ ಕಷ್ಟ. ಸಮಯ ನೋಡಿ ಅವರಿಗೆ ನೀವೇ ಹೇಳಿ."

ಹೊರಗೆ ಕೂತಿದ್ದ ಅಕ್ಕ ಕೇಳಿದಳು: "ಏನಂತೋ?"

"ಬಿಸಿನೀರು ಕುಡೀಬೇಕಂತೆ."

ಅವನು ಸಮಯ ನೋಡುತ್ತಲೇ ಇದ್ದ. ಅದು ಬರಲಿಲ್ಲ. ಬದಲಿಗೆ ಕೀಬೋರ್ಡಿನಲ್ಲಿ ಶ್ರುತಿ ಇಳಿಸುವ ಗುಂಡಿ ಒತ್ತಿದ. ಒಂದು ಮನೆ, ಅಂದರೆ ಪಕ್ಕದ ಕೀಲಿಯಷ್ಟು. ಎರಡು ವರ್ಷ ಬಿಟ್ಟು ಇನ್ನೊಂದು. ಗಿಟಾರಿನವರು ತಂತಿ ಸಡಿಲಿಸಿಕೊಂಡರು, ಊದುವವರು ಬೆರಳು ಬದಲಿಸಿಕೊಂಡರು. ಇಡೀ ಹಾಡು ಒಟ್ಟಿಗೆ ಇಳಿದರೆ ಸ್ವರಗಳ ನಡುವಿನ ಅಂತರ ಹಾಗೇ ಇರುತ್ತದೆ. ಕಿವಿ ಹಿಡಿಯುವುದು ಅಂತರವನ್ನೇ. ಅವನು ನೆಚ್ಚಿದ್ದು ಇದೊಂದನ್ನೇ. ಅಕ್ಕನಿಗೆ ತನ್ನ ರೆಕಾರ್ಡುಗಳನ್ನು ಕೇಳುವ ಚಟವೂ ಇರಲಿಲ್ಲ. "ಹಳೇ ಫೋಟೋ ನೋಡೋದು, ಹಳೇ ಹಾಡು ಕೇಳೋದು, ಎರಡೂ ಮುದುಕರ ಕೆಲಸ ಕಣೋ" ಎನ್ನುತ್ತಿದ್ದಳು.

ಈಗ ನಾಲ್ಕು ಮನೆ ಕೆಳಗಿದ್ದರು. "ಇನ್ನೊಂದು ಇಳಿದ್ರೆ ಬಾವಿ ತೋಡ್ಬೇಕಾಗುತ್ತೆ ಗುರುವೇ" ಎಂದು ಟ್ರಂಪೆಟ್ ಊದುವುದರಿಂದ ಕಹಳೆ ಎಂದೇ ಹೆಸರಾದವನು ಅಕ್ಕನಿಲ್ಲದಾಗ ಗೊಣಗುತ್ತಿದ್ದ.

ಈ ಬೇಸಿಗೆಯ ಒಂದು ಮೇಳದ ದಿನ ಬೆಳಿಗ್ಗೆ ಅದರ ವ್ಯವಸ್ಥಾಪಕಿ ಕುಣಿಯುತ್ತಾ ಬಂದಳು. ಮೊದಲ ಹಾಡು ಹಳೆಯ ರೆಕಾರ್ಡಿನಿಂದಲೇ ಶುರುವಾಗಬೇಕು, ಎರಡನೇ ಚರಣಕ್ಕೆ ಅದು ಕರಗಿ, ಅಲ್ಲಿಂದ ಅಕ್ಕನೇ ಎತ್ತಿಕೊಳ್ಳಬೇಕು ಎಂದಳು. ಅಕ್ಕ ಕೈ ತಟ್ಟಿ ಒಪ್ಪಿಕೊಂಡಳು. ರೆಕಾರ್ಡು ಇದ್ದದ್ದು ಹಳೆಯ ಶ್ರುತಿಯಲ್ಲಿ, ಅಕ್ಕ ಎತ್ತಿಕೊಳ್ಳಬೇಕಾದದ್ದು ನಾಲ್ಕು ಮನೆ ಕೆಳಗೆ.

ತಮ್ಮ ಮೈದಾನದ ನಡುವೆ ಧ್ವನಿ ಹೊಂದಿಸುವ ಮಿಕ್ಸರ್ ಮುಂದೆ ಕೂತಿದ್ದ ಸೌಂಡಿನವನ ಹತ್ತಿರ ಓಡಿದ. "ರೆಕಾರ್ಡನ್ನ ನಾಲ್ಕು ಮನೆ ಇಳಿಸೋಕಾಗುತ್ತಾ?"

"ಇಳಿಸ್ಬಹುದು. ಕೇಳಿ." ಸೌಂಡಿನವನು ಹೆಡ್‌ಫೋನ್ ಕೊಟ್ಟ. ಒಳಗಿದ್ದದ್ದು ಅಕ್ಕನಲ್ಲ, ನಿದ್ದೆಗಣ್ಣಿನ ಯಾವುದೋ ಗಂಡಸು. ಶ್ರುತಿ ಇಳಿದದ್ದು ಅಕ್ಕನಿಗೆ ತಿಳಿಯದಿರಬಹುದು, ತನ್ನ ಕಂಠವಲ್ಲವೆಂಬುದು ಮೊದಲ ಉಸಿರಿಗೇ ತಿಳಿಯುತ್ತಿತ್ತು.

ಮೂರೂವರೆಗೆ ಅವನು ವೇದಿಕೆಯ ಹಿಂದಿನ ತಗಡಿನ ಕೋಣೆಗೆ ಹೋದ. ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿತ್ತು.

"ಅಕ್ಕ, ಒಂದು ವಿಷಯ."

"ಯಾಕೋ, ಯಾರೋ ಸತ್ತೋರ ಹಾಗೆ ಮುಖ? ಯಾರು, ಕಹಳೆನಾ?"

"ಯಾರೂ ಸತ್ತಿಲ್ಲ."

"ಹಾಗಾದ್ರೆ ಮೊದಲು ಈ ಝಿಪ್ ಎಳಿ."

ಎಳೆದ. ಬೆನ್ನಿಗೆ ಹೇಳುವುದು ಸುಲಭವೆನಿಸಿತು. ಹಾಗೇ ನಿಂತು ಎಲ್ಲ ಹೇಳಿಬಿಟ್ಟ: ರಕ್ತನಾಳ, ಗುಂಡಿ, ನಾಲ್ಕು ಮನೆ. ಅಕ್ಕ ತಿರುಗಲಿಲ್ಲ.

"ಬ್ಯಾಂಡಿನೋರಿಗೆ ಗೊತ್ತಾ?"

"ಹೂಂ."

"ಕಹಳೆಗೂ?"

"ಹೂಂ."

"ಅವನ ಹೊಟ್ಟೇಲಿ ಒಂದು ಗುಟ್ಟೂ ನಿಲ್ಲಲ್ಲ. ಒಂಬತ್ತು ವರ್ಷ ಬಾಯಿ ಮುಚ್ಕೊಂಡಿದ್ದನಾ?" ಅವಳು ಕಿವಿಯ ಓಲೆ ಸರಿಮಾಡಿಕೊಂಡಳು. "ಅಂದ್ರೆ ಅವನಿಗೂ ನನ್ನ ಮೇಲೆ ಅಷ್ಟು ಕನಿಕರ."

"ಹಾಡು ಬದಲಾಯಿಸೋಣ ಅಕ್ಕ."

"ಬೇಡ. ರೆಕಾರ್ಡನ್ನೂ ಇಳಿಸ್ಬೇಡಿ."

"ಆ ಎತ್ತರಕ್ಕೆ ಹೋದ್ರೆ ಅದು ಒಡೆ..."

"ನನ್ನ ಗಂಟಲು. ಹೋಗಿ ಕೂತ್ಕೋ."

ನಾಲ್ಕಕ್ಕೆ ಹಾಡು ಶುರುವಾಯಿತು. ಮೂವತ್ತರ ಅಕ್ಕ ಸ್ಪೀಕರುಗಳಿಂದ ಹೊರಬಿದ್ದು ಮೈದಾನವನ್ನು ತುಂಬಿದಳು. ಎಪ್ಪತ್ತೊಂದರ ಅಕ್ಕ ಮೈಕ್ ಹಿಡಿದು ಬಿಸಿಲಿಗೆ ಎದುರಾಗಿ ನಿಂತಿದ್ದಳು. ಅವನು ಶ್ರುತಿಯ ಗುಂಡಿಯನ್ನು ಸೊನ್ನೆಗೆ ತಂದು, ಅವಳ ಬೆನ್ನನ್ನೇ ನೋಡುತ್ತಾ ಕಾದ. ಡಾಕ್ಟರು ತೋರಿಸಿದ ಆ ಕೆಂಪು ಎಳೆಯೊಂದನ್ನು ಬಿಟ್ಟು ಅವನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಎರಡನೇ ಚರಣ ಹತ್ತಿರವಾಯಿತು. ಅಕ್ಕ ಸೌಂಡಿನವನ ಕಡೆ ಅಂಗೈ ಎತ್ತಿ ಹಿಡಿದಳು: ಬೇಡ, ತೆಗೆಯಬೇಡ.

ರೆಕಾರ್ಡು ಕರಗಲಿಲ್ಲ. ಅಕ್ಕ ತುಟಿ ಆಡಿಸಿದಳು. ನಲವತ್ತೊಂದು ವರ್ಷದ ಹಿಂದೆ ಎಲ್ಲೆಲ್ಲಿ ಉಸಿರು ತೆಗೆದುಕೊಂಡಿದ್ದಳೋ ಅಲ್ಲಲ್ಲೇ ಅವಳ ಭುಜ ಏರಿತು. ಹತ್ತು ಜನ ವಾದ್ಯ ಹಿಡಿದುಕೊಂಡು ಮದುಮಕ್ಕಳ ಹಾಗೆ ಸುಮ್ಮನೆ ನಿಂತಿದ್ದರು. ತುದಿಯ ಸ್ವರ ಬಂತು. ಕತ್ತಿಯಂತೆ ನೆಟ್ಟಗೆ, ಅವನು ಮರೆತೇಬಿಟ್ಟಿದ್ದ ಎತ್ತರದಲ್ಲಿ. ಜನ ಹುಚ್ಚೆದ್ದು ಕೂಗಿದರು. ಒಂಬತ್ತು ವರ್ಷದಲ್ಲಿ ಅಕ್ಕ ನಿಜವಾಗಿ ಹಾಡಿದ ಒಂದು ದಿನವೂ ಅವರು ಹೀಗೆ ಕೂಗಿರಲಿಲ್ಲ.

ಎರಡನೇ ಹಾಡಿಗೆ ರೆಕಾರ್ಡು ಹಾಕುವ ಏರ್ಪಾಡಿರಲಿಲ್ಲ. "ಯಾವ ಶ್ರುತಿ ಹಿಡೀಲಿ?" ಎಂದು ತಮ್ಮ ಮೆಲ್ಲಗೆ ಕೇಳಿದ.

"ನೀನೇ ಹೇಳು. ನಿಂಗೆ ತಾನೇ ಗೊತ್ತಿರೋದು."

ಅವನು ನಾಲ್ಕು ಮನೆ ಇಳಿಸಿದ. ಅಕ್ಕ ಹಾಡಿದಳು. ಒಂದು ಸ್ವರವೂ ತಪ್ಪಲಿಲ್ಲ. ಆದರೆ ಹಾಡುತ್ತಲೇ ತನ್ನನ್ನು ತಾನು ಕೇಳಿಸಿಕೊಳ್ಳುತ್ತಿದ್ದಳು, ಪಕ್ಕದ ಕೋಣೆಯಲ್ಲಿ ಯಾರೋ ಮಾತಾಡುವುದಕ್ಕೆ ಕಿವಿಗೊಟ್ಟವರ ಹಾಗೆ. ನಾಲ್ಕನೇ ಹಾಡಿನ ಹೊತ್ತಿಗೆ ಮೈದಾನದ ಹಿಂಬದಿಯ ಜನ ನೆರಳು ಹುಡುಕಿಕೊಂಡು ಹೊರಟಿದ್ದರು. ಅವಳು ಒಂದು ಸಾಲನ್ನೂ ಬಿಡದೆ ಏಳು ಹಾಡನ್ನೂ ಮುಗಿಸಿ, ಬಾಗಿ ವಂದಿಸಿದಳು.

ಮೆಟ್ಟಿಲ ಕೆಳಗೆ ವ್ಯವಸ್ಥಾಪಕಿ ಕಾಯುತ್ತಿದ್ದಳು. "ಆ ಮೊದಲನೇ ಹಾಡು! ಈ ವಯಸ್ಸಲ್ಲಿ ಆ ದನಿ!"

ಅಕ್ಕ ಅವಳ ಕೈ ಕುಲುಕಿದಳು. ಆಮೇಲೆ ತಮ್ಮನ ಕಡೆ ನೋಡದೆ ಹೇಳಿದಳು:

"ಇನ್ಮೇಲೆ ಎಲ್ಲಾ ಹಾಡಿಗೂ ರೆಕಾರ್ಡೇ ಹಾಕ್ಸು. ಅದಕ್ಕಾದ್ರೆ ನೀನು ಸುಳ್ಳು ಹೇಳ್ಬೇಕಾಗಿಲ್ಲ."

ಅವನು ಹೂಂ ಎಂದ. ಮೇಲೆ ವೇದಿಕೆಯಲ್ಲಿ ಕಹಳೆ ಟ್ರಂಪೆಟ್ಟಿನೊಳಗೆ ಉಸಿರಿನಿಂದ ಕಟ್ಟಿದ್ದ ನೀರು ಬಸಿದು, ಅದನ್ನು ಪೆಟ್ಟಿಗೆಗೆ ಹಾಕುತ್ತಿದ್ದ.